ಅವಳು ಮೊದಲು ಹೇಳಿಕೊಳ್ಳುವುದು ನಿಮಗೆ: ಲೈಂಗಿಕ ದೌರ್ಜನ್ಯವಾದಾಗ ಕಲಬುರಗಿ ಕಡೆಯವರು ಏನು ಮಾಡಬೇಕು

ಜಬರದಸ್ತಿಗೆ ಒಳಗಾದ ಹೆಣ್ಣುಮಗಳು ಸೀದಾ ಸ್ಟೇಷನ್ನಿಗೆ ಹೋಗುವುದು ಕಡಿಮೆ. ಮೊದಲು ಅಕ್ಕನಿಗೆ ಹೇಳುತ್ತಾಳೆ. ಇಲ್ಲವೇ ಅವ್ವನಿಗೆ, ಓಣಿಯ ಚಿಗವ್ವನಿಗೆ, ಹಾಸ್ಟೆಲಿನ ಗೆಳತಿಗೆ, ಊರಿನ ಆಶಾ ಕಾರ್ಯಕರ್ತೆಗೆ. ಹಾಗೆ ಕೇಳಿಸಿಕೊಂಡವರಿಗೆ ಕೈಕಾಲು ಆಡುವುದಿಲ್ಲ. ಯಾವ ದವಾಖಾನೆ, ಯಾವ ಠಾಣೆ, ಯಾರಿಗೆ ಫೋನ್ ಮಾಡಬೇಕು ಅನ್ನುವುದು ಆ ಗಳಿಗೆಯಲ್ಲಿ ಹೊಳೆಯುವುದಿಲ್ಲ. ಈ ಬರಹ ಅವರಿಗಾಗಿ. ನಿಮಗೇ ಹೀಗಾಗಿದ್ದರೆ ನಿಮಗಾಗಿಯೂ ಹೌದು. ಎಲ್ಲವನ್ನೂ ಒಂದೇ ಸಲ ಓದಬೇಕಿಲ್ಲ, ಸದ್ಯಕ್ಕೆ ಬೇಕಾದ ಭಾಗ ಓದಿಕೊಳ್ಳಿ.

ನಾನು ಒತ್ತಿ ಹೇಳುವುದು ಒಂದೇ ಮಾತು. ಮೊದಲು ಅವಳ ಜೀವ, ಆಮೇಲೆ ಅವಳ ಇಷ್ಟ. ಮನೆತನದ ಮರ್ಯಾದೆ, ಮಂದಿ ಬಾಯಿ, ಊರ ಹಿರಿಯರ ಮಾತು ಇವಕ್ಕೆಲ್ಲ ಇಲ್ಲಿ ಜಾಗ ಕೊಡಬೇಡಿ.

ಈ ನಂಬರುಗಳನ್ನು ಈಗಲೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಪೊಲೀಸರು ಕೂಡಲೇ ಬರಬೇಕೆಂದರೆ 112. ಆಂಬುಲೆನ್ಸ್‌ಗೆ 108. ಮಹಿಳಾ ಸಹಾಯವಾಣಿ 181. ಮಕ್ಕಳ ವಿಷಯವಾದರೆ 1098. ರೈಲಿನಲ್ಲಿದ್ದರೆ 139. ಉಚಿತ ವಕೀಲರಿಗೆ 15100. ಫೋಟೊ, ವಿಡಿಯೊ ಇಟ್ಟುಕೊಂಡು ಹೆದರಿಸುತ್ತಿದ್ದರೆ 1930.

1. ಮೊದಲು ಸುರಕ್ಷಿತ ಜಾಗ, ಆಮೇಲೆ ಮಾತು

ಮಾಡಿದವನು ಇನ್ನೂ ಹತ್ತಿರದಲ್ಲೇ ಇದ್ದಾನೆಯೇ ಅಂತ ಮೊದಲು ನೋಡಿ. ಅವನು ಮನೆಯವನೇ ಆಗಿರಬಹುದು. ಕಾಕಾ, ಮಾವ, ಪಕ್ಕದ ಹೊಲದವನು, ಟ್ಯೂಷನ್ ಮಾಸ್ತರ, ಮದುವೆ ಗೊತ್ತಾದ ಹುಡುಗ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಗಳನ್ನು ನೋಡಿದರೆ, ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಆಕೆಗೆ ಪರಿಚಯದವನೇ. ಹಾಗಾಗಿ "ಮನೆಗೆ ಹೋಗೋಣ ನಡಿ" ಅನ್ನುವ ಮುಂಚೆ, ಮನೆ ಅವಳಿಗೆ ಸುರಕ್ಷಿತವೇ ಅಂತ ಅವಳನ್ನೇ ಕೇಳಿ. ಅಲ್ಲವೆಂದರೆ ಗೆಳತಿಯ ಮನೆಗೆ ಅಥವಾ ಸೀದಾ ದವಾಖಾನೆಗೆ ಕರೆದೊಯ್ಯಿರಿ.

ಆ ಹೊತ್ತಿನಲ್ಲಿ ಮಾತು ಜಾಸ್ತಿ ಬೇಡ. "ನಾ ನಂಬ್ತೀನಿ. ನಿಂದೇನೂ ತಪ್ಪಿಲ್ಲವ್ವ. ನಾ ನಿನ್ನ ಕೂಡ ಅದೀನಿ." ಇಷ್ಟು ಹೇಳಿದರೆ ಸಾಕು. "ಅಲ್ಲಿ ಯಾಕ ಹೋಗಿದ್ದಿ", "ಚೀರಬೇಕಿತ್ತಲ್ಲ", "ಯಾರಿಗೂ ಹೇಳಬ್ಯಾಡ" ಅನ್ನುವ ಮೂರು ಮಾತು ಬಾಯಿಗೆ ಬಂದರೂ ನುಂಗಿಬಿಡಿ. ವಿಪರೀತ ಭಯವಾದಾಗ ಮೈ ಮರಗಟ್ಟಿ ನಿಲ್ಲುತ್ತದೆ, ಗಂಟಲಿನಿಂದ ಸದ್ದೇ ಹೊರಡುವುದಿಲ್ಲ. ಅದು ದೇಹ ತಾನಾಗಿ ಮಾಡುವ ಕೆಲಸ. ಚೀರಲಿಲ್ಲ ಅಂದರೆ ಒಪ್ಪಿದಳು ಎಂದಲ್ಲ, ಕಾನೂನೂ ಹಾಗೆಯೇ ಹೇಳುತ್ತದೆ. ಮೈಮೇಲೆ ಗಾಯ ಇಲ್ಲ, ಎದುರಿಸಿ ಹೊಡೆದಾಡಲಿಲ್ಲ ಎಂಬುದನ್ನೇ ಒಪ್ಪಿಗೆ ಅಂತ ತಿಳಿಯುವಂತಿಲ್ಲ.

ನಡೆದದ್ದನ್ನೆಲ್ಲ ಮತ್ತೆ ಮತ್ತೆ ಕೇಳಬೇಡಿ. ಅದನ್ನು ಡಾಕ್ಟರ ಮುಂದೆ, ಪೊಲೀಸರ ಮುಂದೆ, ನ್ಯಾಯಾಧೀಶರ ಮುಂದೆ ಅವಳು ಹೇಗೂ ಹೇಳಬೇಕು. ಮನೆಗೆ ಬಂದವರಿಗೆಲ್ಲ ಹೇಳಿಸಬೇಕಾಗಿಲ್ಲ. ತಬ್ಬಿಕೊಳ್ಳುವ ಮುಂಚೆಯೂ ಒಂದು ಮಾತು ಕೇಳಿ. ಆ ಹೊತ್ತಿನಲ್ಲಿ ಯಾರ ಕೈಯೂ ಬೇಡ ಅನ್ನಿಸಬಹುದು.

2. ಸ್ನಾನಕ್ಕೆ ಮುಂಚೆ ದವಾಖಾನೆ

ಇಂಥ ಹೊತ್ತಿನಲ್ಲಿ ಮೊದಲು ಅನ್ನಿಸುವುದೇ ಮೈ ತೊಳೆದುಕೊಳ್ಳಬೇಕು ಅಂತ. ಅವ್ವಂದಿರೂ ಮೊದಲು ಬಿಸಿನೀರು ಕಾಯಿಸಲು ಹೋಗುತ್ತಾರೆ. ಆದರೆ ದಯವಿಟ್ಟು ಸ್ವಲ್ಪ ತಡೆಯಿರಿ. ಸ್ನಾನ ಮಾಡಬೇಡಿ, ಬಾಯಿ ಮುಕ್ಕಳಿಸಬೇಡಿ, ಉಗುರು ತೆಗೆಯಬೇಡಿ, ತಲೆ ಬಾಚಬೇಡಿ. ಅಮಲು ಬರುವಂಥದ್ದು ಏನಾದರೂ ಕುಡಿಸಿದ್ದಾರೆ ಎಂಬ ಅನುಮಾನ ಇದ್ದರೆ ಮೂತ್ರಕ್ಕೆ ಹೋಗುವ ಮುಂಚೆಯೇ ಡಾಕ್ಟರಿಗೆ ಹೇಳಿ, ಮೊದಲ ಮೂತ್ರದಲ್ಲಿ ಅದು ಸಿಗುವ ಸಾಧ್ಯತೆ ಹೆಚ್ಚು.

ಆಗ ತೊಟ್ಟಿದ್ದ ಬಟ್ಟೆ ಒಗೆಯಬೇಡಿ. ಒಳಬಟ್ಟೆ, ಪ್ಯಾಡ್, ಹಾಸಿದ್ದ ಚಾದರ ಎಲ್ಲವನ್ನೂ ಬೇರೆ ಬೇರೆಯಾಗಿ ಶುಭ್ರವಾದ ಕಾಗದದಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಒಳಗೆ ಹಸಿ ನಿಂತು ಬೂಸ್ಟು ಬರುತ್ತದೆ, ಪುರಾವೆ ಹಾಳಾಗುತ್ತದೆ. ಹಸಿ ಇದ್ದರೆ ನೆರಳಲ್ಲಿ ಆರಿಸಿ, ಬಿಸಿಲಿಗೆ ಹಾಕಬೇಡಿ. ಉಟ್ಟ ಬಟ್ಟೆಯಲ್ಲೇ ಹೋದರೂ ಸರಿ. ಒಂದು ಜೊತೆ ಬೇರೆ ಬಟ್ಟೆ ಒಯ್ಯಿರಿ, ಏಕೆಂದರೆ ಹಾಕಿಕೊಂಡಿದ್ದನ್ನು ಅಲ್ಲಿಯೇ ಇಟ್ಟುಕೊಳ್ಳುತ್ತಾರೆ.

ಇದೆಲ್ಲ ತಿಳಿಯದೆ ಸ್ನಾನ ಮಾಡಿಯಾಗಿದೆಯೇ? ಬಟ್ಟೆ ಒಗೆದಾಗಿದೆಯೇ? ಆದರೂ ಹೋಗಿ. ನಾಲ್ಕು ದಿನದವರೆಗೂ ಮೈಮೇಲಿನ ಪುರಾವೆ ತೆಗೆಯಲು ನೋಡುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಚಿಕಿತ್ಸೆಗೆ ಪುರಾವೆ ಬೇಕಾಗಿಯೇ ಇಲ್ಲ.

ಯಾವ ದವಾಖಾನೆ? ಹತ್ತಿರದ್ದು ಯಾವುದಿದೆಯೋ ಅದು. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಎಂಬ ಸರಕಾರಿ ವೈದ್ಯಕೀಯ ಕಾಲೇಜಿನ ದೊಡ್ಡ ದವಾಖಾನೆಗಳಿವೆ. ಆದರೆ ಚಿಂಚೋಳಿಯವರು, ಸುರಪುರದವರು, ಔರಾದಿನವರು ಅಲ್ಲಿಯವರೆಗೆ ಹೋಗುವ ತನಕ ಚಿಕಿತ್ಸೆ ಇಲ್ಲದೆ ಕಾಯಬೇಕಿಲ್ಲ. ಸರಕಾರಿ ಇರಲಿ, ಖಾಸಗಿ ಇರಲಿ, ಅತ್ಯಾಚಾರಕ್ಕೆ ಒಳಗಾದವರಿಗೆ ಕೂಡಲೇ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮು ಇದನ್ನೇ ಹೇಳುತ್ತದೆ. ಕೊಡದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು ಇದೆ. "ಮೊದಲು ಕೇಸ್ ಮಾಡಿಸ್ಕೊಂಡು ಬರ್ರಿ" ಅಂದರೆ ಈ ಎರಡು ಸಂಖ್ಯೆ ಹೇಳಿ. ಚಿಕಿತ್ಸೆಗೆ ಎಫ್‌ಐಆರ್ ಬೇಕಿಲ್ಲ.

ದವಾಖಾನೆಯಲ್ಲಿ ಏನೇನು ಸಿಗಬೇಕು ಅಂತ ಜೊತೆಗೆ ಹೋದವರಿಗೆ ಗೊತ್ತಿರಬೇಕು. ಗಡಿಬಿಡಿಯಲ್ಲಿ ಒಂದೆರಡು ತಪ್ಪಿಹೋದರೆ ನೀವೇ ಕೇಳಿ ಪಡೆಯಬೇಕು.

ಗರ್ಭ ನಿಲ್ಲದಂತೆ ತುರ್ತು ಗುಳಿಗೆ. 72 ತಾಸಿನೊಳಗೆ ತೆಗೆದುಕೊಳ್ಳಬೇಕು, ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು. ಐದು ದಿನದವರೆಗೂ ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ. ದವಾಖಾನೆ ದೂರ ಇದ್ದರೆ ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆಯೂ ಕೊಡುತ್ತಾರೆ.

ಎಚ್‌ಐವಿ ತಗಲದಂತೆ ತಡೆಯುವ ಔಷಧಿ. ಇದನ್ನು ಬಹಳ ಜನ ಕೇಳುವುದೇ ಇಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. 72 ತಾಸಿನೊಳಗೆ ಶುರುವಾಗಬೇಕು. ಆ ಗಡುವು ದಾಟಿದರೆ ಇದರ ಉಪಯೋಗ ಇಲ್ಲ. 28 ದಿನ ಒಂದೂ ತಪ್ಪದೆ ನುಂಗಬೇಕು. ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಹಾಗಂತ ನಡುವೆ ಬಿಡಬೇಡಿ, ಡಾಕ್ಟರಿಗೆ ಹೇಳಿ.

ಇದರ ಜೊತೆಗೆ ಬೇರೆ ಲೈಂಗಿಕ ರೋಗಗಳಿಗೆ ಔಷಧಿ, ಟಿಟಿ ಮತ್ತು ಹೆಪಟೈಟಿಸ್ ಬಿ ಇಂಜೆಕ್ಷನ್, ಗಾಯಕ್ಕೆ ಚಿಕಿತ್ಸೆ. ಮತ್ತೆ ಯಾವಾಗ ರಕ್ತ ಪರೀಕ್ಷೆಗೆ ಬರಬೇಕು ಅಂತ ಬರೆಸಿಕೊಳ್ಳಿ.

ವೈದ್ಯಕೀಯ ತಪಾಸಣೆಗೆ ಅವಳ ಒಪ್ಪಿಗೆ ಬೇಕು. ಚಿಕಿತ್ಸೆಗೆ ಹ್ಞೂಂ ಅಂದು ತಪಾಸಣೆಗೆ ಬೇಡ ಅನ್ನಬಹುದು. ತಪಾಸಣೆಯಲ್ಲಿಯೂ ಒಂದಕ್ಕೆ ಒಪ್ಪಿ ಇನ್ನೊಂದಕ್ಕೆ ಬೇಡ ಅನ್ನಬಹುದು. ದವಾಖಾನೆಯವರು ಪೊಲೀಸರಿಗೆ ಸುದ್ದಿ ಕೊಡಬೇಕು ಅಂತ ಕಾನೂನಿದೆ. ದೊಡ್ಡವಳಾದರೆ "ಸದ್ಯ ನನಗೆ ಕೇಸ್ ಬೇಡ" ಎಂದು ಬರೆಸಬಹುದು. ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಯೋನಿಯೊಳಗೆ ಬೆರಳು ಹಾಕಿ ನೋಡುವ ಎರಡು ಬೆರಳಿನ ಪರೀಕ್ಷೆ ಮಾಡುವಂತೆಯೇ ಇಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪು ಎಂದಿತು. 2022ರಲ್ಲಿ, ಅದನ್ನು ಮಾಡಿದ ಡಾಕ್ಟರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಎಂದು ಇನ್ನೂ ಕಟುವಾಗಿ ಹೇಳಿತು. ಯಾರಾದರೂ ಮಾಡಲು ಹೊರಟರೆ ಬೇಡ ಅನ್ನಿ, ಜೊತೆಗಿದ್ದವರು ಅಡ್ಡ ನಿಲ್ಲಿ.

3. ಸಖಿ ಕೇಂದ್ರ

ಪ್ರತಿ ಜಿಲ್ಲೆಯಲ್ಲೂ ಸಖಿ ಒನ್ ಸ್ಟಾಪ್ ಸೆಂಟರ್ ಅಂತ ಇರುತ್ತದೆ. ಆಪ್ತ ಸಮಾಲೋಚನೆ, ಚಿಕಿತ್ಸೆ, ಪೊಲೀಸ್ ನೆರವು, ವಕೀಲರು ಎಲ್ಲವೂ ಒಂದೇ ಕಡೆ ಸಿಗಲಿ ಅಂತ ಮಾಡಿದ ಕೇಂದ್ರ. ಮನೆಗೆ ಹೋಗಲಾಗದಿದ್ದರೆ ಐದು ದಿನದವರೆಗೆ ಅಲ್ಲಿಯೇ ಉಳಿಯಬಹುದು. 181ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಒಬ್ಬರೇ ಎಲ್ಲವನ್ನೂ ಹೊತ್ತುಕೊಂಡು ಓಡಾಡುವ ಬದಲು ಇಲ್ಲಿನವರನ್ನು ಜೊತೆಗೆ ಕರೆದುಕೊಳ್ಳಿ. ಠಾಣೆಗೂ ಬರುತ್ತಾರೆ.

4. ದೂರು

ದೊಡ್ಡವರಾದರೆ ದೂರು ಕೊಡುವುದು, ಬಿಡುವುದು ಅವಳ ನಿರ್ಧಾರ. ಅಣ್ಣ ಸಿಟ್ಟಿನಲ್ಲಿ ಎಳೆದುಕೊಂಡು ಹೋಗುವುದೂ ತಪ್ಪು, ಅಪ್ಪ ಹೆದರಿ ಕೂಡಿಹಾಕುವುದೂ ತಪ್ಪು. ಬೇಗ ಕೊಟ್ಟರೆ ಪುರಾವೆ ಗಟ್ಟಿ ಇರುತ್ತದೆ, ಅದನ್ನು ಅವಳಿಗೆ ತಿಳಿಸಿ ಹೇಳಿ. ಆದರೆ ತಡವಾಯಿತು ಅಂತ ಬಾಗಿಲು ಮುಚ್ಚುವುದಿಲ್ಲ. ಅತ್ಯಾಚಾರದ ದೂರಿಗೆ ಇಷ್ಟೇ ದಿನದೊಳಗೆ ಅಂತ ಗಡುವು ಇಲ್ಲ. ಯಾಕೆ ತಡವಾಯಿತು ಅನ್ನುವುದನ್ನು ದೂರಿನಲ್ಲಿ ಬರೆಸಿದರೆ ಆಯಿತು.

18 ವರ್ಷದೊಳಗಿನ ಮಗುವಾದರೆ ಮಾತು ಬೇರೆ. ಹುಡುಗಿ ಇರಲಿ, ಹುಡುಗ ಇರಲಿ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಹತ್ತುತ್ತದೆ. ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಹೆಡ್‌ಮಾಸ್ತರ, ಹಾಸ್ಟೆಲ್ ವಾರ್ಡನ್, ಡಾಕ್ಟರು, ನೆರೆಮನೆಯವರು ಯಾರೂ ಮುಚ್ಚಿಡುವಂತಿಲ್ಲ, ಮುಚ್ಚಿಟ್ಟರೆ ಅದೇ ಅಪರಾಧ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗುವಿಗೆ ಇಷ್ಟವಾದ ಜಾಗದಲ್ಲಿ, ಸಮವಸ್ತ್ರ ಹಾಕದ ಪೊಲೀಸರು ಬರೆದುಕೊಳ್ಳಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹುಡುಗಿಯ ತಪಾಸಣೆಯನ್ನು ಮಹಿಳಾ ಡಾಕ್ಟರೇ ಮಾಡಬೇಕು.

ಇನ್ನು ಯಾವ ಠಾಣೆ ಎಂಬ ಪ್ರಶ್ನೆ. ನಮ್ಮ ಭಾಗಕ್ಕೆ ಇದು ಬಹಳ ಮುಖ್ಯ. ನಮ್ಮ ಮಂದಿ ದುಡಿಯಲು ಪುಣೆ, ಮುಂಬೈ, ಹೈದರಾಬಾದಿಗೆ ಹೋಗುತ್ತಾರೆ. ಸೊಲ್ಲಾಪುರಕ್ಕೆ ದಿನಾ ರೈಲಿನಲ್ಲಿ ಓಡಾಡುತ್ತಾರೆ. ಘಟನೆ ಅಲ್ಲಿ ನಡೆದು, ಹುಡುಗಿ ಊರಿಗೆ ಬಂದ ಮೇಲೆ ಬಾಯಿ ಬಿಟ್ಟರೆ ಏನು ಮಾಡುವುದು? ಆಳಂದದಲ್ಲೇ ದೂರು ಕೊಡಬಹುದು. ಬಸವಕಲ್ಯಾಣದಲ್ಲೇ ಕೊಡಬಹುದು. ಇದಕ್ಕೆ ಝೀರೋ ಎಫ್‌ಐಆರ್ ಅನ್ನುತ್ತಾರೆ. ದೇಶದ ಯಾವ ಠಾಣೆಯಲ್ಲಿ ಕೊಟ್ಟರೂ ಬರೆದುಕೊಂಡು, ಆಮೇಲೆ ಸೇರಬೇಕಾದ ಠಾಣೆಗೆ ಅವರೇ ಕಳಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ. "ನಮ್ಮ ಹದ್ದಿಗೆ ಬರಲ್ಲ" ಅನ್ನುವ ಮಾತಿಗೆ ಈಗ ಬೆಲೆ ಇಲ್ಲ. ಇ-ಮೇಲ್‌ನಂಥ ದಾರಿಯಲ್ಲೂ ದೂರು ಕಳಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು.

ದೂರು ಬರೆದುಕೊಳ್ಳುವವರು ಮಹಿಳಾ ಪೊಲೀಸ್ ಅಥವಾ ಮಹಿಳಾ ಅಧಿಕಾರಿಯೇ ಆಗಿರಬೇಕು. ಕಲಬುರಗಿ ನಗರದಲ್ಲಿ ಮಹಿಳಾ ಠಾಣೆಯೇ ಇದೆ, ಆದರೆ ಅಲ್ಲಿಗೇ ಹೋಗಬೇಕು ಅಂತೇನಿಲ್ಲ. ಅತ್ಯಾಚಾರಕ್ಕೆ ಒಳಗಾದವಳ ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳು ಹೇಳಿದ ಜಾಗದಲ್ಲಿ ತೆಗೆದುಕೊಳ್ಳಬೇಕು. ಹತ್ತಿರದವರು ಯಾರಾದರೂ ಜೊತೆಗೆ ಕೂರಬಹುದು. ತಾಂಡಾದ ಲಂಬಾಣಿ ಹೆಣ್ಣುಮಗಳು, ಉರ್ದು ಅಥವಾ ತೆಲುಗು ಮಾತಾಡುವವರು ತಮ್ಮ ಮಾತಿನಲ್ಲೇ ಹೇಳಲಿ. ನಡುವೆ ಅರ್ಥ ಮಾಡಿ ಹೇಳುವವರನ್ನು ಕೇಳಿ. ಅವಸರದ ಕನ್ನಡದಲ್ಲಿ ತಪ್ಪು ಬರೆದು, ಮುಂದೆ ಕೋರ್ಟಿನಲ್ಲಿ "ಅವತ್ತು ಬೇರೆ ಹೇಳಿದ್ದಿಯಲ್ಲ" ಅನ್ನಿಸಿಕೊಳ್ಳುವುದು ಬೇಡ. ಮಾತಾಡಲು, ಕೇಳಲು ತೊಂದರೆ ಇರುವವರ ಹೇಳಿಕೆಗೆ ಸಂಜ್ಞೆ ಬಲ್ಲವರನ್ನು ಕರೆಸಬೇಕು, ವಿಡಿಯೊ ಮಾಡಬೇಕು.

ಬರೆದದ್ದನ್ನು ಓದಿಸಿ ಕೇಳಿ. ತಪ್ಪಿದ್ದರೆ ತಿದ್ದಿಸಿ. ಆಮೇಲೆ ಸಹಿ ಹಾಕಿ, ಪ್ರತಿಯನ್ನು ಪುಕ್ಕಟೆ ಇಸಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡದವರಾಗಿದ್ದು ಮಾಡಿದವನು ಆ ಸಮುದಾಯದವನಲ್ಲದಿದ್ದರೆ ಅದನ್ನು ಮೊದಲ ದಿನವೇ ದೂರಿನಲ್ಲಿ ಬರೆಸಿ. 1989ರ ದೌರ್ಜನ್ಯ ತಡೆ ಕಾಯ್ದೆ ಸೇರಿದರೆ ತನಿಖೆ ಡಿವೈಎಸ್‌ಪಿ ಮಟ್ಟದವರು ಮಾಡಬೇಕು, ಬಂಧನಕ್ಕೆ ಮುಂಚೆಯೇ ಪಡೆಯುವ ನಿರೀಕ್ಷಣಾ ಜಾಮೀನಿಗೆ ತಡೆ ಇದೆ, ಪರಿಹಾರವೂ ಬೇರೆ ಸಿಗುತ್ತದೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಪರರ ಹೊಲದಲ್ಲಿ ಕೂಲಿ ಮಾಡುವ ದಲಿತ ಹೆಣ್ಣುಮಕ್ಕಳಿಗೆ ಈ ಕಾಯ್ದೆಯ ಆಸರೆ ಎಷ್ಟು ದೊಡ್ಡದು ಅಂತ ಬಿಡಿಸಿ ಹೇಳಬೇಕಿಲ್ಲ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ? ನ್ಯಾಯ ಸಂಹಿತೆಯ 199ನೇ ಕಲಮಿನ ಪ್ರಕಾರ, ಇಂಥ ಅಪರಾಧದ ದೂರು ದಾಖಲಿಸದ ಅಧಿಕಾರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಶಿಕ್ಷೆ ಇದೆ. ದೂರನ್ನು ಕಾಗದದ ಮೇಲೆ ಬರೆದು ಅಂಚೆಯಲ್ಲಿ ಎಸ್ಪಿಯವರಿಗೆ ಕಳಿಸಿ. ಕಲಬುರಗಿ ನಗರದೊಳಗಾದರೆ ಪೊಲೀಸ್ ಕಮಿಷನರ್‌ಗೆ. ಸ್ಪೀಡ್ ಪೋಸ್ಟಿನ ರಸೀದಿ ಜೋಪಾನ. ಅದಕ್ಕೂ ಏನೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು.

5. ರಾಜಿ ಪಂಚಾಯಿತಿಗೆ ಕೂರಬೇಡಿ

ಹಳ್ಳಿಯಲ್ಲಿ ಸುದ್ದಿ ಹಬ್ಬಿದ ಕೂಡಲೇ ಹಿರಿಯರು ಕಟ್ಟೆಗೆ ಸೇರುತ್ತಾರೆ. ಇಷ್ಟು ರೊಕ್ಕ ಕೊಡಿಸೋಣ, ಇಲ್ಲವೇ ಅವನಿಗೇ ಕೊಟ್ಟು ಮದುವೆ ಮಾಡೋಣ ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುವವರೂ ಇರುತ್ತಾರೆ. ಆದರೂ ಒಪ್ಪಬೇಡಿ. ಹಾಳು ಮಾಡಿದವನ ಮನೆಯಲ್ಲಿ ಅವಳು ಜೀವನಪೂರ್ತಿ ಬಾಳಬೇಕು ಅನ್ನುವುದಕ್ಕಿಂತ ಕ್ರೂರವಾದ ತೀರ್ಪು ಇನ್ನೊಂದಿಲ್ಲ. ಅತ್ಯಾಚಾರದ ಪ್ರಕರಣದಲ್ಲಿ ರಾಜಿಯ ಯೋಚನೆಗೇ ಜಾಗವಿಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಾಲಕಿಯಾದರೆ ಮದುವೆಯೂ ಅಪರಾಧವೇ. 18 ತುಂಬದ ಹೆಂಡತಿಯ ಜೊತೆಗಿನ ಲೈಂಗಿಕ ಸಂಪರ್ಕವೂ ಅತ್ಯಾಚಾರ ಎಂದು 2017ರಿಂದ ಕಾನೂನಿದೆ.

ಹೆದರಿಸುತ್ತಿದ್ದಾರೆಯೇ? ಫೋನ್ ಕರೆ, ಮೆಸೇಜು, ಮನೆ ಮುಂದೆ ಬಂದವರ ಹೆಸರು ಎಲ್ಲವನ್ನೂ ದಿನಾಂಕದ ಸಮೇತ ಬರೆದಿಡಿ, ಠಾಣೆಗೆ ಕೊಡಿ. 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ರಕ್ಷಣೆ ಕೇಳಬಹುದು.

ಅವಳ ಹೆಸರು, ಫೋಟೊ, ಓದುವ ಕಾಲೇಜು, ಗುರುತು ಸಿಗುವ ಯಾವುದನ್ನೂ ಹಂಚಬೇಡಿ. ನ್ಯಾಯ ಕೊಡಿಸಿ ಅಂತ ವಾಟ್ಸಾಪ್ ಸ್ಟೇಟಸ್ ಹಾಕುವವರಿಗೂ ಇದೇ ಮಾತು. ಗುರುತು ಬಯಲು ಮಾಡಿದರೆ ಎರಡು ವರ್ಷದವರೆಗೆ ಜೈಲು.

6. ಮುಂಚೆಯೇ ಮಾಡಿಟ್ಟುಕೊಳ್ಳುವ ಕೆಲಸ

ಇದನ್ನು ಓದಿ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸಬೇಡಿ. ಓದುವುದು, ದುಡಿಯುವುದು, ಶರಣಬಸವೇಶ್ವರ ಜಾತ್ರೆಗೆ ಹೋಗುವುದು, ಬಂದೇ ನವಾಜ್ ಉರುಸಿಗೆ ಹೋಗುವುದು ಎಲ್ಲವೂ ಅವರ ಹಕ್ಕು. ಜೊತೆಗೆ ಸ್ವಲ್ಪ ತಯಾರಿ ಇರಲಿ ಅಷ್ಟೆ.

ಫೋನಿನಲ್ಲಿ ತುರ್ತು ಕರೆಯ ಗುಂಡಿ ಹೇಗೆ ಕೆಲಸ ಮಾಡುತ್ತದೆ ಅಂತ ಸೆಟ್ಟಿಂಗ್‌ನಲ್ಲಿ ಇಂದೇ ನೋಡಿ. ಹಲವು ಕೀಪ್ಯಾಡ್ ಫೋನುಗಳಲ್ಲಿ 5 ಅಥವಾ 9 ಒತ್ತಿ ಹಿಡಿದರೆ 112ಕ್ಕೆ ಹೋಗುತ್ತದೆ. ಟಂಟಂ, ಆಟೊ, ಕ್ರೂಸರ್ ಹತ್ತುವಾಗ ನಂಬರ್ ಪ್ಲೇಟಿನ ಫೋಟೊ ಮನೆಗೆ ಕಳಿಸಿ, ಡ್ರೈವರಿಗೆ ಕೇಳುವಂತೆ ಫೋನಿನಲ್ಲಿ ಆ ನಂಬರ್ ಹೇಳಿ. ಕಡೆಯ ಬಸ್ಸು ತಪ್ಪಿದರೆ ನಿರ್ಜನ ಸ್ಟಾಪಿನಲ್ಲಿ ನಿಲ್ಲುವ ಬದಲು ಬಸ್ ನಿಲ್ದಾಣದ ಒಳಗೆ, ನಿಯಂತ್ರಕರ ಕೋಣೆಯ ಹತ್ತಿರ ಇರಿ. ತೊಗರಿ ಆಳೆತ್ತರ ನಿಂತಾಗ ಹೊಲದ ದಾರಿಯಲ್ಲಿ ಆಚೀಚೆ ಏನೂ ಕಾಣುವುದಿಲ್ಲ, ಆ ದಿನಗಳಲ್ಲಿ ಇಬ್ಬರು ಮೂವರು ಕೂಡಿ ಹೋಗಿ. ಬಯಲಿಗೆ ಹೋಗುವ ದಾರಿಯಲ್ಲಿ ಲೈಟ್ ಇಲ್ಲವೆಂದರೆ ಗ್ರಾಮ ಪಂಚಾಯಿತಿಗೆ ಬರೆದು ಕೊಡಿ. ಶೌಚಾಲಯ, ಬೀದಿದೀಪ ಕೇಳುವುದೂ ಸುರಕ್ಷತೆಯ ಕೆಲಸವೇ.

ಚಿಕ್ಕ ಮಕ್ಕಳಿಗೆ ಒಂದು ಮಾತು ಕಲಿಸಿ: ಯಾರೇ ಮುಟ್ಟಿ "ಯಾರಿಗೂ ಹೇಳಬ್ಯಾಡ" ಅಂದರೆ, ಅದನ್ನೇ ಮೊದಲು ಬಂದು ಹೇಳಬೇಕು. ಅವನು ಮನೆಯ ಮಾವನಾದರೂ ಸರಿ. ಹೇಳಿದಾಗ ಮಗುವಿಗೆ ಬೈಯಬೇಡಿ.

ಕೆಲಸದ ಜಾಗದಲ್ಲಿ ಕೈ ಹಾಕುವುದು, ಹೊಲಸು ಮಾತು ನಡೆಯುತ್ತಿದ್ದರೆ 2013ರ ಕಾಯ್ದೆ ಇದೆ. ದಾಲ್ ಮಿಲ್, ಸಿಮೆಂಟ್ ಕಾರ್ಖಾನೆ, ಶಾಲೆ, ಅಂಗಡಿ, ಹತ್ತು ಮಂದಿ ದುಡಿಯುವ ಕಡೆಯೆಲ್ಲ ಇಂಥ ದೂರು ಕೇಳುವ ಒಳ ಸಮಿತಿ ಇರಲೇಬೇಕು. ಮನೆಗೆಲಸದವರು, ಹೊಲದ ಕೂಲಿಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಮೂರು ತಿಂಗಳೊಳಗೆ ಬರೆದು ಕೊಡಬೇಕು, ಈ ಗಡುವು ಮರೆಯಬೇಡಿ.

ಗಂಡನೇ ಜಬರದಸ್ತಿ ಮಾಡುತ್ತಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ರಕ್ಷಣೆ ಇದೆ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ, ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಆಫೀಸು ತೋರಿಸುತ್ತಾರೆ.

ಫೋಟೊ, ವಿಡಿಯೊ ಇಟ್ಟುಕೊಂಡು ಹೆದರಿಸುವವನಿಗೆ ರೊಕ್ಕ ಕೊಡಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ. ಚಾಟ್ ಅಳಿಸಬೇಡಿ. ನಂಬರ್ ಮತ್ತು ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು 1930ಕ್ಕೆ ಹೇಳಿ ಅಥವಾ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಠಾಣೆಗೆ ಹೋಗಿ.

7. ಮುಂದಿನ ತಿಂಗಳುಗಳು

ಮ್ಯಾಜಿಸ್ಟ್ರೇಟ್ ಮುಂದೆ ಒಂದು ಹೇಳಿಕೆ ಆಗುತ್ತದೆ. ಅತ್ಯಾಚಾರದ ತನಿಖೆ ಎರಡು ತಿಂಗಳಲ್ಲಿ ಮುಗಿಯಬೇಕು. ಎಲ್ಲಿಗೆ ಬಂದಿದೆ ಎಂದು 90 ದಿನದೊಳಗೆ ಪೊಲೀಸರೇ ಅವಳಿಗೆ ತಿಳಿಸಬೇಕು, ತಿಳಿಸದಿದ್ದರೆ ಕೇಳಿ. ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯುತ್ತದೆ. ಅವಳ ಹಿಂದಿನ ಸಂಬಂಧಗಳ ಬಗ್ಗೆ ಕೆದಕುವಂತಿಲ್ಲ.

ವಕೀಲರಿಗೆ ಹೊಲ ಮಾರಬೇಕಿಲ್ಲ. ಎಷ್ಟೇ ಆದಾಯ ಇದ್ದರೂ ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಆಫೀಸಿಗೆ ಹೋಗಿ. ಪರಿಹಾರದ ಅರ್ಜಿಯೂ ಅಲ್ಲೇ. 2018ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಮಾಡಿದ ಯೋಜನೆಯಲ್ಲಿ ಅತ್ಯಾಚಾರಕ್ಕೆ 4 ಲಕ್ಷದಿಂದ 7 ಲಕ್ಷ ರೂಪಾಯಿಯವರೆಗೆ ಇದೆ. ಕೇಸ್ ಮುಗಿಯುವವರೆಗೆ ಕಾಯಬೇಕಿಲ್ಲ, ಮಧ್ಯಂತರ ಪರಿಹಾರ ಕೇಳಬಹುದು. ಆರೋಪಿ ಸಿಗದಿದ್ದರೂ ಅರ್ಜಿ ಹಾಕಬಹುದು. ಇದು ಅವಳ ಹಕ್ಕು. ಇಸಕೊಂಡರೆ ರಾಜಿಯಾದಂತೆ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಮುಟ್ಟು ತಪ್ಪಿದರೆ ತಡಮಾಡದೆ ಪರೀಕ್ಷೆ ಮಾಡಿಸಿ. ಅತ್ಯಾಚಾರದಿಂದ ನಿಂತ ಗರ್ಭವನ್ನು 24 ವಾರದವರೆಗೆ ಕಾನೂನುಬದ್ಧವಾಗಿ ತೆಗೆಸಬಹುದು. ಅದು ದಾಟಿದರೆ ಹೈಕೋರ್ಟಿಗೆ ಹೋಗಬೇಕಾಗಬಹುದು, ಅದರ ಪೀಠ ಕಲಬುರಗಿಯಲ್ಲೇ ಇದೆ. ಕೇಸ್ ನಡೆಯುತ್ತಿದ್ದರೆ ಗರ್ಭಪಾತಕ್ಕೆ ಮುಂಚೆಯೇ ಪೊಲೀಸರಿಗೆ ಮತ್ತು ಡಾಕ್ಟರಿಗೆ ಹೇಳಿ, ಡಿಎನ್‌ಎ ಪರೀಕ್ಷೆಗೆ ಮಾದರಿ ತೆಗೆದಿಡಬೇಕು.

ನಿದ್ದೆ ಹತ್ತದಿರುವುದು, ಉಣ್ಣದಿರುವುದು, ಒಮ್ಮೆಲೆ ಬೆಚ್ಚುವುದು, ಸಿಟ್ಟು, ಮೌನ ಎಲ್ಲವೂ ಬರುತ್ತವೆ. ಕೆಲವರು ಏನೂ ಆಗೇ ಇಲ್ಲವೆಂಬಂತೆ ನಗುತ್ತಾ ಓಡಾಡುತ್ತಾರೆ, ಅದನ್ನೂ ತಪ್ಪು ತಿಳಿಯಬೇಡಿ. ದೆವ್ವ ಬಡಿದಿದೆ ಅಂತ ತಾಯಿತ ಕಟ್ಟಿಸಿ ತಿಂಗಳುಗಟ್ಟಲೆ ಕಳೆಯಬೇಡಿ. ಮನಸ್ಸಿನ ತೊಂದರೆಗೆಂದೇ ಇರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸಾಯುವ ಮಾತಾಡಿದರೆ ಒಬ್ಬಳನ್ನೇ ಬಿಡಬೇಡಿ, ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಆ ಹೊತ್ತಿಗೇ ಬೇರೆ ಕಡೆ ಸಾಗಿಸಿ, ಅವತ್ತೇ ಡಾಕ್ಟರ ಹತ್ತಿರ ಕರೆದೊಯ್ಯಿರಿ.

ಕಾಲೇಜು ಬಿಡಿಸಬೇಡಿ. ಅವಸರದಲ್ಲಿ ಮದುವೆ ಗೊತ್ತು ಮಾಡಬೇಡಿ. ಕೋರ್ಟಿನ ತಾರೀಕು ಬಂದ ದಿನ ಒಬ್ಬಳನ್ನೇ ಕಳಿಸಬೇಡಿ. ಅಂದು ನಿಮ್ಮ ಕೂಲಿ ಒಂದು ದಿನ ಹೋದರೂ ಅವಳ ಕೂಡ ಹೋಗಿ, ಹಿಂದಿನ ರಾತ್ರಿಯೇ ಎಫ್‌ಐಆರ್ ಪ್ರತಿ, ದವಾಖಾನೆಯ ಕಾಗದ, ಆಧಾರ್ ಒಂದೇ ಚೀಲದಲ್ಲಿ ಹಾಕಿಟ್ಟುಕೊಳ್ಳಿ.